ಕ್ವಿಯರ್ ಕೋಡಿಂಗ್: ಹಳೆಯ ಕಾರ್ಟೂನುಗಳು ಬಾಯಿಬಿಟ್ಟು ಹೇಳದ ಮಾತು

ಪಾತ್ರವೊಂದು ಸಲಿಂಗಿ ಅಂತ ಕಥೆಯಲ್ಲಿ ಎಲ್ಲೂ ಹೇಳಿರುವುದಿಲ್ಲ. ಆದರೆ ಅದರ ನಡಿಗೆ, ದನಿ, ಕೈ ಆಡಿಸುವ ರೀತಿ ನೋಡಿದವರಿಗೆ ಹಾಗನ್ನಿಸುತ್ತದೆ. ಹೀಗೆ ಬರೀ ಸುಳಿವುಗಳಲ್ಲೇ ಪಾತ್ರ ಕಟ್ಟುವುದಕ್ಕೆ ಕ್ವಿಯರ್ ಕೋಡಿಂಗ್ ಎನ್ನುತ್ತಾರೆ.

ಅಮೆರಿಕದ ಹಳೆಯ ಕಾರ್ಟೂನುಗಳಲ್ಲಿ ಇದು ಜಾಸ್ತಿ ಸಿಗುತ್ತದೆ. 1932ರ ‘ಬೆಟ್ಟಿ ಬೂಪ್ ಫಾರ್ ಪ್ರೆಸಿಡೆಂಟ್’ನಲ್ಲಿ ಒಬ್ಬ ಒರಟು ಕೈದಿಯನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸುತ್ತಾರೆ. ಏಳುವಾಗ ಅವನು ಬಳುಕುವ ನಾಜೂಕು ಗಂಡಸಾಗಿರುತ್ತಾನೆ. ಜೋಕ್ ಅಷ್ಟೇ, ಮುಗಿಯಿತು. ನಗಿಸೋದು ಬಿಟ್ಟರೆ ಅವನಿಗೆ ಅಲ್ಲಿ ಬೇರೆ ಕೆಲಸವೇ ಇಲ್ಲ. ಇದು ಅವಮಾನ ಅಂತಲೇ ನಾನು ಹೇಳುತ್ತೇನೆ.

1934ರಲ್ಲಿ ಹಾಲಿವುಡ್‌ನ ಹೇಸ್ ಕೋಡ್, ಅಂದರೆ ಚಿತ್ರಗಳಲ್ಲಿ ಏನು ತೋರಿಸಬಹುದು, ಏನು ತೋರಿಸಬಾರದು ಎನ್ನುವ ನಿಯಮಾವಳಿ, ಬಿಗಿಯಾಯಿತು. ಸಲಿಂಗ ಪ್ರೀತಿಯನ್ನು ‘ವಿಕೃತಿ’ಗಳ ಸಾಲಿಗೆ ಸೇರಿಸಿ, ಅದರ ಸೂಚನೆ ಕೂಡ ಇರಬಾರದು ಎಂದಿತು. ಆಮೇಲೆ ಸುಳಿವುಗಳು ಇನ್ನಷ್ಟು ಮರೆಗೆ ಸರಿದವು.

ಹಾಗೆ ಮರೆಗೆ ಸರಿದ ಮೇಲೆ ಬಂದದ್ದರಲ್ಲಿ ನನಗೆ ತುಂಬಾ ಇಷ್ಟವಾಗುವುದು ಡಿಸ್ನಿಯ ‘ದಿ ರಿಲಕ್ಟೆಂಟ್ ಡ್ರ್ಯಾಗನ್’ (1941). ಇಲ್ಲಿನ ಡ್ರ್ಯಾಗನ್‌ಗೆ ಉದ್ದುದ್ದ ರೆಪ್ಪೆ, ಮೆತ್ತಗಿನ ಮಾತು. ಅದಕ್ಕೆ ಜಗಳ ಬೇಡ, ಚಹಾ ಕುಡಿಯುತ್ತಾ ಕವಿತೆ ಹೇಳಬೇಕು. ಕೊಲ್ಲೋಕೆ ಬಂದ ವೀರ ಸರ್ ಜೈಲ್ಸ್ ಕೂಡ ಕವಿತೆ ಬರೆಯುವವನೇ! ಇಬ್ಬರೂ ಸೇರಿ ಊರವರ ಮುಂದೆ ಸುಳ್ಳು ಕಾಳಗ ಆಡುತ್ತಾರೆ. ಡ್ರ್ಯಾಗನ್ ಬದಲಾಗಬೇಕು ಅಂತ ಕಥೆ ಹಟ ಹಿಡಿಯುವುದಿಲ್ಲ. ನಗು ಇದೆ, ಆದರೆ ಕೊನೆಗೆ ಡ್ರ್ಯಾಗನ್ ತಾನಿದ್ದ ಹಾಗೇ ಊರವರ ಮೆಚ್ಚುಗೆ ಗಳಿಸುತ್ತದೆ. ಆ ಕಾಲದಲ್ಲಿ ಅದು ದೊಡ್ಡದು, ಅಲ್ವಾ?

ಒಂದು ಎಚ್ಚರಿಕೆ. ಗಂಡು ಪಾತ್ರ ಸೀರೆಯೋ ಗೌನೋ ತೊಟ್ಟ ಕೂಡಲೇ ಅದು ಕೋಡಿಂಗ್ ಆಗುವುದಿಲ್ಲ. ವೇಷ ಮರೆಸಿಕೊಂಡು ತಪ್ಪಿಸಿಕೊಳ್ಳುವುದು ರಂಗಭೂಮಿಯ ಹಳೇ ತಂತ್ರ. ಕಾರ್ಟೂನಿನ ತುಂಟ ಗಂಡು ಮೊಲ ಬಗ್ಸ್ ಬನ್ನಿ ಹೆಣ್ಣುವೇಷ ಹಾಕುವುದೂ ಎಷ್ಟೋ ಸಲ ಇಷ್ಟಕ್ಕೇ. ಆದರೆ ಚಕ್ ಜೋನ್ಸ್ ನಿರ್ದೇಶಿಸಿದ 1950ರ ‘ರ್‍ಯಾಬಿಟ್ ಆಫ್ ಸೆವಿಲ್’ನಲ್ಲಿ ಬಗ್ಸ್ ಹೂವು, ಉಂಗುರ ಕೊಟ್ಟಾಗ, ಬೇಟೆಗಾರ ಎಲ್ಮರ್ ಮದುವಣಗಿತ್ತಿಯ ಗೌನು ತೊಟ್ಟು ಬಂದು ಮದುವೆಯೇ ಆಗುತ್ತಾನೆ. ಮುಂದಿನ ಕ್ಷಣ ಬಗ್ಸ್ ಅವನನ್ನು ಕೇಕಿನೊಳಗೆ ಎಸೆಯುತ್ತಾನೆ, ನಿಜ. ಆದರೂ ಇಬ್ಬರು ಗಂಡಸರ ಮದುವೆಯನ್ನು ಮಾಮೂಲಿ ಚಿತ್ರದಲ್ಲಿ ಊಹಿಸೋಕೂ ಆಗದ ಕಾಲದಲ್ಲಿ ಕಾರ್ಟೂನ್ ಅದನ್ನು ತೋರಿಸಿಬಿಟ್ಟಿತ್ತು.