ಉಪ್ಪಿನ ಲೆಕ್ಕ, ನೀರಿನ ಲೆಕ್ಕ: ಓಟಗಾರರ ಕ್ರೂ ಆಗುವವರಿಗೆ ನನ್ನ ಟಿಪ್ಪಣಿ

ಅಕ್ಕ 100 ಕಿಲೋಮೀಟರ್ ಓಟಕ್ಕೆ ತಯಾರಾಗುತ್ತಿದ್ದಾಳೆ. ಓಟದುದ್ದಕ್ಕೂ ನೀರು, ಊಟ ಕೊಟ್ಟು ನೋಡಿಕೊಳ್ಳುವ ಅವಳ ಕ್ರೂ ಅಂದರೆ ನಾನೊಬ್ಬನೇ. ಕಳೆದ ಭಾನುವಾರ ಮಲ್ಪೆಯ ಪಡುಕೆರೆಯಿಂದ ಮಟ್ಟುವಿನ ಕಡೆಗೆ ಸಮುದ್ರದ ಬದಿಯ ರಸ್ತೆಯಲ್ಲಿ ಹೋಗಿ ಬಂದು ಆರು ಗಂಟೆಯ ಅಭ್ಯಾಸ ಮಾಡಿದಳು. ನಾನು ಸ್ಕೂಟರಿನಲ್ಲಿ ಬಾಟಲಿ, ಬಾಳೆಹಣ್ಣು ಇಟ್ಟುಕೊಂಡು ಜೊತೆಗಿದ್ದೆ. ನಾಲ್ಕನೇ ಗಂಟೆಗೆ ಅವಳಿಗೆ ತಲೆನೋವು, ಹೊಟ್ಟೆ ತೊಳಸು ಶುರುವಾಯಿತು. ಬೆರಳಿನ ಉಂಗುರ ಬಿಗಿಯಾಯಿತು. ನೀರು ಸಾಲದೆ ಹೀಗಾಗಿದೆ ಎಂದುಕೊಂಡು ಇನ್ನಷ್ಟು ಕುಡಿಸಿದೆ. ಮನೆಗೆ ಬಂದು ತೂಕ ನೋಡಿದರೆ, ಹೊರಡುವಾಗ 58.2 ಕಿಲೋ ಇದ್ದವಳು 58.9 ಕಿಲೋ! ಆರು ಗಂಟೆ ಬೆವರಿದವಳ ತೂಕ ಏರುವುದೆಂದರೆ ಏನೆಂದು ಆ ದಿನ ನನಗೆ ಗೊತ್ತಿರಲಿಲ್ಲ. ನಾಲ್ಕೈದು ಸಲ ಮೂತ್ರ ಹೋಗಿ ಸಂಜೆಗೆ ಸುಧಾರಿಸಿದಳು. ಆದರೂ ಕೂಡಲೇ ವೈದ್ಯರಿಗೆ ತೋರಿಸಬೇಕಿತ್ತು. ಇದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲಿ ಎಂದು ವಾರವಿಡೀ ಓದಿದ್ದನ್ನು ಬರೆಯುತ್ತಿದ್ದೇನೆ.

ಉಪ್ಪು ಬೇರೆ, ಸೋಡಿಯಂ ಬೇರೆ

ನಾನು ಮೊದಲು ಎಡವಿದ್ದು ಇಲ್ಲಿ. ಗಂಟೆಗೆ 600 ಮಿಲಿಗ್ರಾಂ ಸೋಡಿಯಂ ಎಂದು ಅಕ್ಕ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ನಾನು ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ 0.6 ಗ್ರಾಂ ಉಪ್ಪು ತೂಗಿ ಹಾಕಿದೆ. ಉಪ್ಪೆಂದರೆ ಸೋಡಿಯಂ ಕ್ಲೋರೈಡ್. ಸೋಡಿಯಂನ ಪರಮಾಣು ತೂಕ 23, ಕ್ಲೋರಿನ್‌ನದು 35.5, ಒಟ್ಟು 58.5. ಅಂದರೆ ಉಪ್ಪಿನ ತೂಕದಲ್ಲಿ ಸೋಡಿಯಂ ಶೇಕಡಾ 39 ಮಾತ್ರ, ಉಳಿದದ್ದೆಲ್ಲ ಕ್ಲೋರಿನ್. ನಾನು ಹಾಕಿದ 600 ಮಿಲಿಗ್ರಾಂ ಉಪ್ಪಿನಿಂದ ಅವಳಿಗೆ ಸಿಕ್ಕ ಸೋಡಿಯಂ ಸುಮಾರು 235 ಮಿಲಿಗ್ರಾಂ. ಬೇಕೆಂದದ್ದರ ಅರ್ಧವೂ ಇಲ್ಲ.

ಈಗ ನೆನಪಿಟ್ಟುಕೊಂಡಿರುವುದು ಒಂದೇ ಸಂಖ್ಯೆ, ಎರಡೂವರೆ. ಸೋಡಿಯಂನಿಂದ ಉಪ್ಪಿಗೆ ಹೋಗುವಾಗ ಎರಡೂವರೆಯಿಂದ ಗುಣಿಸಿ, ಉಪ್ಪಿನಿಂದ ಸೋಡಿಯಂಗೆ ಬರುವಾಗ ಭಾಗಿಸಿ. 600 ಮಿಲಿಗ್ರಾಂ ಸೋಡಿಯಂಗೆ 1.5 ಗ್ರಾಂ ಉಪ್ಪು. ತಕ್ಕಡಿ ಇಲ್ಲದಿದ್ದರೆ, ಪುಡಿ ಉಪ್ಪು ಒಂದು ಮಟ್ಟ ಟೀ ಚಮಚಕ್ಕೆ ಸುಮಾರು 6 ಗ್ರಾಂ, ಹಾಗಾಗಿ ಕಾಲು ಟೀ ಚಮಚ ಸಾಕು. ಕಲ್ಲುಪ್ಪಿಗೆ ಈ ಚಮಚದ ಲೆಕ್ಕ ಹಿಡಿಯಬೇಡಿ. ಹರಳುಗಳ ನಡುವೆ ಸಂದು ಇರುವುದರಿಂದ ಅದೇ ಚಮಚದಲ್ಲಿ ಕಡಿಮೆ ಉಪ್ಪು ಕೂರುತ್ತದೆ.

ಈ ಲೆಕ್ಕವನ್ನು ಓಆರ್‌ಎಸ್ ಪೊಟ್ಟಣದ ಮೇಲೆ ಪ್ರಯೋಗಿಸಿದಾಗ ಮತ್ತೆ ಸಿಕ್ಕಿಬಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. 2,600 ಅನ್ನು ಎರಡೂವರೆಯಿಂದ ಭಾಗಿಸಿದರೆ 1,040. ಆದರೆ ಸೋಡಿಯಂ 75 ಮಿಲಿಮೋಲ್ (ಕಣಗಳ ಎಣಿಕೆಯ ಅಳತೆ) ಎಂದು ಬರೆದಿರುತ್ತದೆ. ಅದನ್ನು ಸೋಡಿಯಂನ ಪರಮಾಣು ತೂಕ 23ರಿಂದ ಗುಣಿಸಿದರೆ 1,725 ಮಿಲಿಗ್ರಾಂ. ಉಳಿದ ಸುಮಾರು 680 ಎಲ್ಲಿಂದ ಬಂತು? ಎರಡು ರಾತ್ರಿ ಇದೇ ಯೋಚನೆ. ಉತ್ತರ ಹೆಸರಿನಲ್ಲೇ ಉಂಟು: ಟ್ರೈಸೋಡಿಯಂ ಸಿಟ್ರೇಟ್‌ನ ಒಂದೊಂದು ಅಣುವಿನಲ್ಲೂ ಮೂರು ಸೋಡಿಯಂ. ಹಾಗಾಗಿ ಪೊಟ್ಟಣದಲ್ಲಿ ಉಪ್ಪಿನ ಸಾಲೊಂದನ್ನೇ ನೋಡಬೇಡಿ, ಸೋಡಿಯಂ ಎಂಬ ಹೆಸರು ಎಲ್ಲೆಲ್ಲಿ ಉಂಟೋ ಎಲ್ಲವನ್ನೂ ಕೂಡಿಸಿ.

ಇನ್ನೊಂದು ಮಾತು. ಪೊಟ್ಟಣದ ಮೇಲಿನ ಅಂಕಿ ಲೀಟರಿಗೆ, ಅಕ್ಕನ ಚೀಟಿಯ ಅಂಕಿ ಗಂಟೆಗೆ. ಗಂಟೆಗೆ ಎಷ್ಟು ಕುಡಿಯುತ್ತಾಳೆ ಎಂದು ಗೊತ್ತಾಗದೆ ಇವೆರಡನ್ನು ಹೋಲಿಸಲು ಬರುವುದಿಲ್ಲ. ಅರ್ಧ ಲೀಟರ್ ಕುಡಿದರೆ ಸೋಡಿಯಂ ಸುಮಾರು 860 ಮಿಲಿಗ್ರಾಂ, ಗ್ಲೂಕೋಸ್ ಮಾತ್ರ 7 ಗ್ರಾಂ ಕೂಡ ಇಲ್ಲ. ಓಆರ್‌ಎಸ್ ಕುಡಿಸಿದ ಮಾತ್ರಕ್ಕೆ ಓಟಗಾರರ ಹೊಟ್ಟೆಗೆ ಊಟ ಹೋದಂತಾಗುವುದಿಲ್ಲ.

ನೀರು ಹೆಚ್ಚಾದರೂ ಅಪಾಯ

ಇಷ್ಟೆಲ್ಲ ಉಪ್ಪಿನ ಲೆಕ್ಕ ಹಾಕಿದ ಮೇಲೆ ಓದಿ ತಿಳಿದದ್ದು, ಭಾನುವಾರದ ಮುಖ್ಯ ತಪ್ಪು ಉಪ್ಪಿನದಲ್ಲ, ನೀರಿನದು. ಬೆವರಿ ಹೋದದ್ದಕ್ಕಿಂತ ಹೆಚ್ಚು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಇದಕ್ಕೆ ಹೈಪೊನೆಟ್ರೀಮಿಯಾ ಎನ್ನುತ್ತಾರೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಇದು ಕಂಡಿತ್ತು. ಓಡುವಾಗ ತೂಕ ಏರಿದವರಲ್ಲೇ ಇದು ಹೆಚ್ಚು. ಕುಡಿಯುವುದು ಮಿತಿಮೀರಿದರೆ ಉಪ್ಪು ಸೇರಿಸಿದರೂ ರಕ್ಷಣೆಯಿಲ್ಲ.

ತಲೆನೋವು, ವಾಕರಿಕೆ, ಸುಸ್ತು ನೀರು ಕಡಿಮೆಯಾದಾಗಲೂ ಬರುತ್ತವೆ, ಹೆಚ್ಚಾದಾಗಲೂ ಬರುತ್ತವೆ. ಮುಖ ನೋಡಿ ಹೇಳಲು ಆಗುವುದಿಲ್ಲ, ತೂಕ ನೋಡಿ ಹೇಳಬಹುದು. ಹಾಗಾಗಿ ಇನ್ನು ಮೇಲೆ ತೂಕದ ಯಂತ್ರವೂ ಸ್ಕೂಟರಿನಲ್ಲಿ ಬರುತ್ತದೆ. ತೂಕ ಸ್ವಲ್ಪ ಇಳಿದಿದ್ದರೆ ಸಹಜ. ಏರಿದ್ದರೆ ಮೂತ್ರ ಹೋಗುವವರೆಗೆ ನೀರೂ ಇಲ್ಲ, ಬೊಂಡವೂ (ಎಳನೀರು) ಇಲ್ಲ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಭಾನುವಾರ ನಾನು ಮೂರು ಬೊಂಡ ಕುಡಿಸಿದ್ದೆ. ವಾಂತಿ ನಿಲ್ಲದಿದ್ದರೆ, ಮಾತು ತಡವರಿಸಿದರೆ ಓಟ ಬಿಟ್ಟು ನೇರ ಆಸ್ಪತ್ರೆಗೆ. ಹೋದ ಕೂಡಲೇ ತೂಕ ಏರಿದೆ ಎಂದು ವೈದ್ಯರಿಗೆ ಹೇಳಿ.

ಬೆವರು ಅಳೆಯುವುದು ಸುಲಭ. ಒಂದು ಗಂಟೆ ಓಡಿಸಿ, ಮೊದಲೂ ಆಮೇಲೂ ತೂಗಿ. ತೂಕ 0.7 ಕಿಲೋ ಇಳಿದು, ನಡುವೆ 300 ಮಿಲಿಲೀಟರ್ ಕುಡಿದಿದ್ದರೆ ಬೆವರಿದ್ದು ಒಂದು ಲೀಟರ್. ಅಷ್ಟನ್ನೂ ತುಂಬಿಸಲು ಹೋಗಬೇಡಿ. ಬಾಯಾರಿದಷ್ಟು ಕುಡಿಯಲಿ, ಈ ಅಂಕಿಯನ್ನು ದಾಟದಿರಲಿ.

ಹೊಟ್ಟೆಗೆ

ಎರಡೂವರೆ ಗಂಟೆ ಮೀರುವ ಓಟಕ್ಕೆ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಎನ್ನುತ್ತಾರೆ. ಗ್ಲೂಕೋಸ್ ಒಂದೇ ಆದರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಹೀರುತ್ತದೆ. ಫ್ರಕ್ಟೋಸ್‌ಗೆ ಬೇರೆ ದಾರಿ ಇರುವುದರಿಂದ ಎರಡೂ ಕೂಡಿದರೆ ಹೆಚ್ಚು ಹಿಡಿಸುತ್ತದೆ. ಸಕ್ಕರೆಯಲ್ಲಿ ಎರಡೂ ಅರ್ಧರ್ಧ. ಅಕ್ಕನಿಗೆ ಈಗ 60 ಸಾಕು. ಅರ್ಧ ಲೀಟರಿಗೆ 30 ಗ್ರಾಂ ಸಕ್ಕರೆ ಹಾಕಿದ ಪುನರ್ಪುಳಿ (ಕೋಕಂ) ಶರಬತ್ತು, ಜೊತೆಗೆ ಗಂಜಿ. ಓಟಗಾರರು ತಿನ್ನುವ ಸಿಹಿ ಜೆಲ್ ಅವಳಿಗೆ ಮೂರನೇ ಗಂಟೆಗೇ ಬೇಡವಾಗುತ್ತದೆ. ಕುಚ್ಚಲಕ್ಕಿ ಗಂಜಿಯನ್ನು ಉಪ್ಪು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ ಕೊಟ್ಟರೆ ಬೇಡ ಎನ್ನುವುದಿಲ್ಲ. ಗಂಜಿಯಲ್ಲಿ ನೀರೆಷ್ಟೆಂದು ಹೇಳಲಾಗದ ಕಾರಣ ಅಕ್ಕಿಯನ್ನು ಬೇಯಿಸುವ ಮೊದಲೇ ತೂಗಿ: 40 ಗ್ರಾಂ ಅಕ್ಕಿಗೆ ಸುಮಾರು 31 ಗ್ರಾಂ ಕಾರ್ಬೋಹೈಡ್ರೇಟ್. ಗಂಜಿಗೆ ಹಾಕಿದ ಉಪ್ಪೂ ಗಂಟೆಯ ಲೆಕ್ಕಕ್ಕೇ ಸೇರಬೇಕು.

"ಎಂತ ಬೇಕು ಅಕ್ಕ?" ಎಂದು ಕೇಳಬೇಡಿ. ಐದು ಗಂಟೆ ಓಡಿದವರು "ಎಂತದೂ ಬೇಡ ಮಾರಾಯ" ಎಂದೇ ಹೇಳುತ್ತಾರೆ. "ಗಂಜಿಯೋ ಬಾಳೆಹಣ್ಣೋ?" ಎಂದು ಕೇಳಿದರೆ ಒಂದಾದರೂ ಹೊಟ್ಟೆಗೆ ಹೋಗುತ್ತದೆ.

ಸೆಕೆ, ಮಾತ್ರೆ

ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿ ಹೋದ ಬೆವರಿನಿಂದ ಮೈ ತಣಿಯುವುದಿಲ್ಲ. ಮಲ್ಪೆ ಬಂದರಿನ ಕಡೆ ಮೀನಿಗೆ ಹಾಕುವ ಐಸ್ ಸಿಗುತ್ತದೆ. ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ಕುತ್ತಿಗೆಗೆ ಕಟ್ಟಲು ಅದು ಒಳ್ಳೆಯದು, ಕುಡಿಯುವ ಬಾಟಲಿಗೆ ಮಾತ್ರ ಹಾಕಬೇಡಿ. ಮೈ ಸುಡುತ್ತಾ ಮಾತು ಅಸಂಬದ್ಧವಾದರೆ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವವರೆಗೆ ತಣ್ಣೀರು, ಐಸ್ ಹಾಕಿ ಮೈ ತಣಿಸುತ್ತಲೇ ಇರಬೇಕು. ಕಾಲುನೋವಿಗೆಂದು ಐಬುಪ್ರೊಫೆನ್ ಕೊಡಬೇಡಿ, ದೀರ್ಘ ಓಟದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು.

ಬರುವ ಭಾನುವಾರಕ್ಕೆ ಆರು ಬಾಟಲಿಗಳಿಗೆ ಬಿಳಿ ಟೇಪ್ ಅಂಟಿಸಿ ಗಂಟೆ, ಸಕ್ಕರೆ, ಸೋಡಿಯಂ ಬರೆದಿಟ್ಟಿದ್ದೇನೆ. ಉಪ್ಪು ಎಂಬ ಪದವನ್ನು ಟೇಪಿನ ಮೇಲೆ ಎಲ್ಲೂ ಬರೆದಿಲ್ಲ.