ಮೆಚ್ಚಿದ ಚಿತ್ರ ಹಂಚ್ರಿ, ಅಂಚು ಕತ್ತರಿಸಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡದಲ್ಲಿ ಚಿತ್ರಪ್ರದರ್ಶನ ಜೋಡಿಸಿಕೊಡುವುದು ನನ್ನ ಕಸುಬು. ಈಚೆಗೆ ಗೋಡೆಗಿಂತ ಜನರ ಮೊಬೈಲ್ ನೋಡುವುದೇ ಹೆಚ್ಚಾಗಿದೆ. "ಸರ್, ಇದು ನನಗ ಭಾಳ ಸೇರೇದ. ಯಾರ ಪೇಂಟಿಂಗ್ರಿ?" ಪರದೆಯ ತುಂಬ ಒಂದು ಎಮ್ಮೆ, ಅದರ ಹಿಂದೆ ಕೆಂಪು ಸೀರೆಯ ಅರ್ಧ ಸೆರಗು. ಚೌಕಟ್ಟಿಲ್ಲ, ಮೂಲೆಯ ಸಹಿ ಇಲ್ಲ, ಕಲಾವಿದನ ಹೆಸರು, ಅಳತೆ ಬರೆದ ಪಕ್ಕದ ಚೀಟಿಯಂತೂ ಇಲ್ಲವೇ ಇಲ್ಲ. ನೀಟಾಗಿ ಕ್ರಾಪ್ ಮಾಡಿ ಗುಂಪಿಗೆ ಹಾಕಿಯೂ ಆಗಿದೆ. ಯಾರದೆಂದು ನನಗೇನು ಕನಸು ಬೀಳುತ್ತದೆಯೇ?

ಹೆಸರು ಹೇಗೋ ಹುಡುಕಬಹುದು. ನನ್ನ ತಕರಾರು ಅಳತೆಯದು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಮೋನಾಲಿಸಾ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ, ನಮ್ಮ ಮನೆಯ ಕಿಟಕಿಯ ಒಂದು ಪಡಕಿನಷ್ಟು. ಮ್ಯಾಡ್ರಿಡ್‌ನಲ್ಲಿರುವ ಪಿಕಾಸೊನ ಗೆರ್ನಿಕಾ ಸುಮಾರು ಮೂರೂವರೆ ಮೀಟರ್ ಎತ್ತರ, ಏಳೂಮುಕ್ಕಾಲು ಮೀಟರ್ ಅಗಲ. ಫೋನಿನಲ್ಲಿ ಎರಡೂ ಅಂಗೈಯಷ್ಟೇ. ಒಂದರ ಮುಂದೆ ಬಗ್ಗಿ ನೋಡಬೇಕು, ಇನ್ನೊಂದರ ಮುಂದೆ ಹಿಂದೆ ಸರಿಯುತ್ತ ಹೋಗಬೇಕು. ನೋಡುವವನು ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಾವಿದ ಅಳತೆಯಲ್ಲೇ ತೀರ್ಮಾನಿಸಿರುತ್ತಾನೆ. ಅಳತೆ ತಿಳಿಸದೆ ಚಿತ್ರ ಕಳಿಸಿದರೆ ಆ ತೀರ್ಮಾನ ನಿಮ್ಮ ಗೆಳೆಯರಿಗೆ ಮುಟ್ಟುವುದೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ "ಹೌದ್ರಿ ಹೌದ್ರಿ" ಎಂದು ಮತ್ತೆ ಕ್ರಾಪ್ ಮಾಡುತ್ತಾರೆ.

ಮೊನ್ನೆಯ ಪ್ರದರ್ಶನಕ್ಕೆ ಒಬ್ಬ ಕಾಲೇಜು ಹುಡುಗ ಬಂದಿದ್ದ. ಅಂಗೈಯಗಲದ ಜಲವರ್ಣವೊಂದರ ಫೋಟೊ ತೆಗೆದು, ಅದರ ಮುಂದೆಯೇ ನಿಂತು, ಪರದೆಯ ಮೇಲೆ ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತಿದ್ದ. "ತಮ್ಮಾ, ಎರಡ ಹೆಜ್ಜಿ ಮುಂದ ಹೋಗೋ" ಅಂದೆ. ಹೋದ. ಕಾಗದದ ತರಿಯಲ್ಲಿ ನೀಲಿ ಬಣ್ಣ ನಿಂತು ಒಣಗಿ ಅಂಚು ಕಟ್ಟಿದ್ದು ಕಂಡಿತು. "ಅರೇ, ಇದು ಫೋಟೊದಾಗ ಬಂದಿಲ್ಲಲ್ರಿ" ಅಂದ. ಹುಡುಗ ಜಾಣ.

ಚಿತ್ರದ ಮುಂದೆ ಸೆಲ್ಫಿ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿಗೆ ಹೋದವರೆಲ್ಲ ಅಲ್ಲಿಯ ಆಳೆತ್ತರದ ಪ್ರತಿಮೆಗಳ ಹೆಗಲ ಮೇಲೆ ಕೈಹಾಕಿ ನಿಂತ ಫೋಟೊ ಕಳಿಸುತ್ತಾರೆ. ಕೈ ಹಾಕುವುದು ತಪ್ಪು, ಆದರೆ ಅಳತೆ ಮಾತ್ರ ಥಟ್ಟನೆ ತಿಳಿಯುತ್ತದೆ!

ಅಂಚಿನ ಬಗ್ಗೆ ಇನ್ನೊಂದು. ಕುಂದಗೋಳ ಕಡೆಯ ಹಿರಿಯರೊಬ್ಬರು ಮನೆಯ ಲಕ್ಷ್ಮಿಯ ಪಟ ಕಳಿಸಿ, "ಅಸಲು ರವಿವರ್ಮನ ಕೈದು" ಎಂದು ಬರೆದಿದ್ದರು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ಅಂಥ ಪಟಗಳು ಮನೆಮನೆ ಸೇರಿದವು. ಆ ಅಚ್ಚುಕೂಟದ ಪಟಗಳ ಕೆಳಗಂಚಿನಲ್ಲಿ ಸಾಮಾನ್ಯವಾಗಿ ಅದರ ಹೆಸರು ಇರುತ್ತದೆ. ಇವರು ಕತ್ತರಿಸಿದ್ದು ಅದೇ ಅಂಚನ್ನು. ಪೂರ್ತಿ ಫೋಟೊ ತರಿಸಿಕೊಂಡೆ, ಅಚ್ಚುಕೂಟದ ಹೆಸರಿತ್ತು. ಅಂದರೆ ಕೈಯಿಂದ ಬರೆದದ್ದಲ್ಲ, ಅಚ್ಚು ಹಾಕಿದ್ದು. "ಹಂಗಾದ್ರ ಪೂಜಿ ಬಿಡೂದೇನ್ರಿ?" ಎಂದರು. ಅಜ್ಜಾರ, ಪೂಜೆಗೂ ಇದಕ್ಕೂ ಸಂಬಂಧವಿಲ್ಲ. ಪಟ ಚೆನ್ನಾಗಿಯೇ ಇದೆ, ಒದ್ದೆ ಗೋಡೆಯಿಂದ ತೆಗೆದರೆ ಸಾಕು.

ಕಾನೂನಿನ ವಿಷಯಕ್ಕೆ ವಕೀಲರನ್ನೇ ಕೇಳುವುದು ಒಳ್ಳೆಯದು. ನಮ್ಮಲ್ಲಿ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದ ತೀರಿಕೊಂಡು 60 ವರ್ಷ ಕಳೆಯುವವರೆಗೆ ಇರುತ್ತದೆ. ಹೆಸರು ಹಾಕಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಲ್ಲ. ಕಲಾವಿದರು ಬದುಕಿದ್ದರೆ ಹಂಚುವ ಮೊದಲು ಅವರನ್ನು ಒಂದು ಮಾತು ಕೇಳಿ. ಬಹಳಷ್ಟು ಕಲಾವಿದರು ಖುಷಿಯಿಂದಲೇ ಹೂಂ ಅನ್ನುತ್ತಾರೆ.

ಫೋಟೊಗೆ ಅನುಮತಿ ಇದ್ದಲ್ಲಿ ಫ್ಲ್ಯಾಶ್ ಬಂದ್ ಮಾಡಿ, ಮೊದಲು ಚೀಟಿಯದು ತೆಗೆಯಿರಿ, ಆಮೇಲೆ ಚೌಕಟ್ಟು ಸಮೇತ ಚಿತ್ರದ್ದು. ಎರಡನ್ನೂ ಜೊತೆಗೇ ಕಳಿಸಿ. ಚೀಟಿಯನ್ನೇ ಅಂಟಿಸದ ಸಂಘಟಕರೂ ನಮ್ಮಲ್ಲಿದ್ದಾರೆ. ಅಲ್ಲಿ ಬಾಗಿಲಲ್ಲಿ ಕೂತವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇನ್ನಷ್ಟು ಜೋರಾಗಿ ಕೇಳಿ.