ಎಲೆಕ್ಟ್ರಿಷಿಯನ್ ಮತ್ತೆ ಅಪ್ರೆಂಟಿಸ್ ಆಗಬೇಕೇ?

ಓದುಗರ ಪ್ರಶ್ನೆ: ವಿದ್ಯುತ್ ಕೆಲಸ ಬಲ್ಲವನು ಕೈಗಾರಿಕೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ (ಹರಿವು, ಒತ್ತಡ ಮುಂತಾದವನ್ನು ಅಳೆಯುವ, ನಿಯಂತ್ರಿಸುವ ಉಪಕರಣಗಳನ್ನು ನೋಡಿಕೊಳ್ಳುವವನು) ಆಗಲು ಬೇರೆಯೇ ಅಪ್ರೆಂಟಿಸ್‌ಶಿಪ್ ಮಾಡಬೇಕೇ?

ಇದಕ್ಕೆ ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಮಾಡಬೇಕು. ಕಲಿತ ವೈರಿಂಗ್ ವ್ಯರ್ಥವಾಗದು, ಆದರೆ ಅದು ಈ ಕಸುಬಿನ ಒಂದು ಮಗ್ಗುಲು ಮಾತ್ರ. ‘ಎರಡು ತಂತಿ, 24 ವೋಲ್ಟ್ ಡಿಸಿ, ಒಂದು ಮಲ್ಟಿಮೀಟರ್, ಅಷ್ಟೇ ತಾನೆ’ ಎಂಬ ನಂಬಿಕೆ ಮಾತ್ರ ಎಷ್ಟು ಹೇಳಿದರೂ ಸಾಯುವುದಿಲ್ಲ.

ಆರಿಫೈಸ್ ಪ್ಲೇಟಿನಿಂದ (ಪೈಪಿನೊಳಗೆ ಅಡ್ಡಲಾಗಿ ಕೂರಿಸಿದ, ರಂಧ್ರವಿರುವ ತಟ್ಟೆ) ಹರಿವನ್ನು ಅಳೆಯುವಾಗ ಪ್ಲೇಟಿನ ಎರಡು ಬದಿಗಳ ಒತ್ತಡದ ವ್ಯತ್ಯಾಸವು ಹರಿವಿನ ವರ್ಗಕ್ಕೆ ಅನುಗುಣವಾಗಿರುತ್ತದೆ; ಹರಿವು 50% ಇದ್ದರೆ ವ್ಯತ್ಯಾಸ 25% ಮಾತ್ರ. ಇದರ ವರ್ಗಮೂಲವನ್ನು, ಒತ್ತಡದ ವ್ಯತ್ಯಾಸವನ್ನು ಅಳೆದು ವಿದ್ಯುತ್ ಸಂಕೇತವಾಗಿ ಕಳುಹಿಸುವ ಟ್ರಾನ್ಸ್‌ಮಿಟರ್ ತೆಗೆಯಬೇಕು, ಇಲ್ಲವೇ ಕಂಟ್ರೋಲ್ ರೂಮಿನ ವ್ಯವಸ್ಥೆ ತೆಗೆಯಬೇಕು. ಇಬ್ಬರೂ ತೆಗೆದರೆ ಪರದೆಯ ಮೇಲೆ 50%ರ ಬದಲು ಸುಮಾರು 71% ಕಾಣಿಸುತ್ತದೆ. ಮಲ್ಟಿಮೀಟರ್ ಹಿಡಿದವನಿಗೆ ತಂತಿ ಸರಿ, ವೋಲ್ಟೇಜ್ ಸರಿ, 12 ಮಿಲಿಆಂಪಿಯರೂ (4ರಿಂದ 20ರವರೆಗಿನ ಸಂಕೇತದ ನಡುಮಧ್ಯ, ಅಂದರೆ 50%) ಸರಿ. ಸೊನ್ನೆಯಲ್ಲೂ ನೂರರಲ್ಲೂ ಈ ದೋಷ ಅಡಗಿಕೊಳ್ಳುವುದರಿಂದಲೇ ಅಪ್ರೆಂಟಿಸ್‌ನ ಕೈಯಲ್ಲಿ 0, 25, 50, 75, 100 ಎಂದು ಐದು ಬಿಂದುಗಳಲ್ಲಿ, ಏರುತ್ತಲೂ ಇಳಿಯುತ್ತಲೂ, ಪರದೆಯವರೆಗಿನ ಇಡೀ ಲೂಪನ್ನು (ಸಂಕೇತ ಸಾಗುವ ಸರಣಿಯನ್ನು) ಬೇಸರ ಬರುವಷ್ಟು ಸಲ ಪರೀಕ್ಷೆ ಮಾಡಿಸುವುದು.

ಇನ್ನೊಂದು ಅಭ್ಯಾಸವನ್ನಂತೂ ತಿರುವುಮುರುವಾಗಿ ಕಲಿಯಬೇಕಾಗುತ್ತದೆ. ವಿದ್ಯುತ್ ಕೆಲಸದಲ್ಲಿ ಸಂಪರ್ಕ ಕಡಿದ ಮೇಲೆ ನಿರ್ಭಯ; ಇಲ್ಲಿ ಕಡಿಯುವುದೇ ಅಪಾಯ. ಲೂಪನ್ನು ಮ್ಯಾನ್ಯುಯಲ್‌ಗೆ (ಕಂಟ್ರೋಲರಿನ ಬದಲು ಆಪರೇಟರ್ ಕೈಯಿಂದ ನಡೆಸುವ ಸ್ಥಿತಿಗೆ) ಹಾಕಿಸದೆ ಟ್ರಾನ್ಸ್‌ಮಿಟರ್ ಬಿಚ್ಚಿದರೆ, ಹರಿವು ನಿಂತಿತೆಂದು ಬಗೆದ ಕಂಟ್ರೋಲರ್ ವಾಲ್ವನ್ನು ಪೂರ್ತಿ ತೆರೆದುಬಿಡಬಹುದು. ನನ್ನ ಶಿಷ್ಯರು ಸ್ಕ್ರೂಡ್ರೈವರಿಗಿಂತ ಮೊದಲು ಕಂಟ್ರೋಲ್ ರೂಮಿಗೆ ಹೇಳುವ ವಾಕಿಟಾಕಿಗೆ ಕೈಹಾಕುತ್ತಾರೆಂಬುದು ನನಗೆ ಸ್ವಲ್ಪ ಹೆಮ್ಮೆಯ ವಿಷಯ.

ಮಿಲಿಆಂಪಿಯರ್ ಮಾತು ಬಂದದ್ದರಿಂದ, ಯಾರೂ ಕೇಳದಿದ್ದರೂ, ಸಂಕೇತವು 0 ಬಿಟ್ಟು 4ರಿಂದ ಏಕೆ ಆರಂಭವಾಗುತ್ತದೆಂದು ಹೇಳಿಬಿಡುತ್ತೇನೆ. ಅಳತೆ ಸೊನ್ನೆಯಾದರೂ 4 ಮಿಲಿಆಂಪಿಯರ್ ಹರಿಯುತ್ತಿರುವುದರಿಂದ, ತಂತಿ ತುಂಡಾಗಿ ನಿಜವಾದ 0 ಬಂದಾಗ ವ್ಯತ್ಯಾಸ ತಿಳಿಯುತ್ತದೆ. ಎರಡು ತಂತಿಯ ಟ್ರಾನ್ಸ್‌ಮಿಟರ್ ತನಗೆ ಬೇಕಾದ ವಿದ್ಯುತ್ ಪಡೆದು ಬದುಕುವುದೂ ಆ 4ರಿಂದಲೇ. ಅದಕ್ಕಿಂತ ಹಳೆಯದಾದ 3ರಿಂದ 15 ಪಿಎಸ್ಐ (ಒತ್ತಡದ ಮಾನ) ಗಾಳಿಯ ಸಂಕೇತದಲ್ಲೂ ಇದೇ ಒಂದಕ್ಕೆ ಐದರ ಅನುಪಾತವಿದೆ. ಕಂಟ್ರೋಲ್ ವಾಲ್ವಿನ ಬಳಿಯ ಐ/ಪಿ ಪರಿವರ್ತಕದಲ್ಲಿ (ಮಿಲಿಆಂಪಿಯರ್ ಸಂಕೇತವನ್ನು ಗಾಳಿಯ ಒತ್ತಡವಾಗಿ ಬದಲಿಸುವ ಸಾಧನ) ಇವೆರಡೂ ಇಂದಿಗೂ ಸೇರುತ್ತವೆ. ಅಲ್ಲಿ ಮಲ್ಟಿಮೀಟರಿನ ಜೊತೆ ಪ್ರೆಷರ್ ಗೇಜ್ ಒಯ್ಯದವನು ಅರ್ಧ ಲೂಪನ್ನು ಮಾತ್ರ ನೋಡುತ್ತಾನೆ.